ಹುಳದ ಬಾಲದ ಗೆರೆಗಳು

...ಅಳೋದಾದ್ರೆ ಹೊರಗೆ ಹೋಗಿ ಅತ್ತು ಬಾಮ್ಮ, ಮೈಕ್ರೋಸ್ಕೋಪಿನ ಮೇಲೆ ಬೇಡ. ಅಳ್ತಿಲ್ವಾ? ನಗ್ತಿದೀಯಾ? ನಗು. ನಾಳೆ ವಿಚಾರಣೆ ಸಮಿತಿ ಎದುರಿಗೂ ಹೀಗೇ ನಗು, ಆಗ ನೋಡೋಣ.

ಪೆನ್ನು ತಗೋ. ಪತ್ರ ನಾನೇ ಬರೆದಿಟ್ಟಿದೀನಿ, ನೀನು ಸಹಿ ಹಾಕಿದ್ರೆ ಸಾಕು. ಬೇರಿಗೆ ಗಂಟು ಕಟ್ಟಿಸೋ ಹುಳದ ಜಾತಿ ಗುರುತಿಸೋದ್ರಲ್ಲಿ ತಪ್ಪಿದ್ದು ನಾನು ಅಂತ. ಒಂದೇ ಸಾಲು... ಆ ಟೊಮೆಟೊ ಬೆಳೆದ ಹೆಂಗಸು ಬೆಳಗ್ಗೆಯಿಂದ ಕೆಳಗಡೆ ಮೆಟ್ಟಿಲ ಮೇಲೆ ಕೂತಿದಾಳೆ, ಕಂಡ್ಯಾ? ಬುಟ್ಟಿ ತುಂಬ ಬೇರು. ಶುಂಠಿ ಥರ ಗಂಟುಗಂಟು. ಮಾಮೂಲಿ ಜಾತಿ ಹುಳ, ಅದನ್ನ ತಡೆಯೋ ತಳಿ ಹಾಕಮ್ಮ ಅಂತ ನಮ್ಮ ಲ್ಯಾಬು ಬರೆದುಕೊಡ್ತು. ನಂಬಿ ಹಾಕಿದ್ಲು. ನೋಡಿದ್ರೆ ಇದು ಬೇರೆ ಜಾತಿ, ಆ ತಳಿಗೆಲ್ಲ ಜಗ್ಗೋದಲ್ಲ. ಮೂರು ಹಸಿರುಮನೆ ಪೂರ್ತಿ ಬಾಡಿಹೋಯ್ತು. ಯಾರಾದ್ರೂ ತಲೆ ಕೊಡಲೇಬೇಕಲ್ಲ? ಮುಖ್ಯಸ್ಥ ನಾನು ಹೋದ್ರೆ ಲ್ಯಾಬೇ ಮುಚ್ಚುತ್ತೆ. ಸಹಾಯಕಿ ಹೋದ್ರೆ ಇನ್ನೊಬ್ಬಳು ಬರ್ತಾಳೆ.

ಏನು? ವರದಿಗೆ ಸಹಿ ಹಾಕಿದ್ದು ನಾನು, ಸರಿ. ಹುಳ ಕೊಯ್ದಿದ್ದು ಯಾರು? ಸಾಸಿವೆಗಿಂತ ಸಣ್ಣ ಹೆಣ್ಣುಹುಳ. ಅದರ ಹಿಂಬದಿ ಚರ್ಮ ಬ್ಲೇಡಿನಲ್ಲಿ ಕತ್ತರಿಸಿ, ಗಾಜಿನ ಮೇಲಿಟ್ಟು, ಬೆರಳಚ್ಚಿನ ಥರದ ಗೆರೆ ನೋಡಿ ಜಾತಿ ಹೇಳ್ಬೇಕು. ಮೂರು ವರ್ಷ ನಾನು ನಿಂಗೆ ಕಲಿಸಿದ್ದು ಅದನ್ನೇ. ಆ ವಾರ ನಿನ್ನ ಗಮನ ಇಲ್ಲಿರಲಿಲ್ಲ. ನಿಮ್ಮಪ್ಪ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೀತಿದ್ರು. ಪತ್ರದಲ್ಲಿ ಅದನ್ನೂ ಸೇರಿಸಿದೀನಿ, ಓದು. ಸತ್ತೋರು ಇಷ್ಟಾದ್ರೂ ಉಪಯೋಗಕ್ಕೆ ಬರಲಿ. ಸಮಿತಿಯವರು ಕನಿಕರ ಪಡ್ತಾರೆ.

ಹಾಗೆ ನೋಡಬೇಡ. ಬಿಡು, ಅಪ್ಪನ ಮಾತು ಬಿಟ್ಟೆ.

ಅನುಮಾನ ಬಂದು ಇನ್ನೊಂದು ಹುಳ ಕೊಯ್ದು, ಆ ಎರಡನೇ ಸ್ಲೈಡನ್ನ ನೀನು ನನ್ನ ಮೇಜಿನ ಮೇಲಿಟ್ಟಿದ್ದೆ, ಡಿಎನ್‌ಎ ಪರೀಕ್ಷೆಗೆ ಕಳಿಸಿ ಅಂತ ಜೊತೆಗೆ ಚೀಟಿನೂ ಇಟ್ಟಿದ್ದೆ ಅಂತೀಯ. ನಂಗೆ ಯಾವ ಸ್ಲೈಡೂ ಸಿಗಲಿಲ್ಲ. ಚೀಟಿಯೂ ಇಲ್ಲ. ಆಸ್ಪತ್ರೆಗೆ ಓಡೋ ಅವಸರದಲ್ಲಿ ಎಲ್ಲಿಟ್ಯೋ ಏನೋ. ಸಿಕ್ಕಿದ್ರೂ ಏನಾಗ್ತಿತ್ತು? ಗೆರೆಗಳ ಕಮಾನು ಮಾಮೂಲಿ ಜಾತಿ ಥರ ಚೌಕ ಇಲ್ದೆ ದುಂಡಗಿತ್ತು, ಬಾಲದ ಹತ್ರದ ಎರಡು ಚುಕ್ಕಿ ಒಂಚೂರು ದಪ್ಪ ಕಂಡ್ವು, ಅಷ್ಟಕ್ಕೇ ಯಾರಾದ್ರೂ ಜಾತಿ ಬದಲಾಯಿಸ್ತಾರಾ? ಅದೂ ಎಡಗಡೆ ಅಂಚು ಹರಿದುಹೋದ ಚರ್ಮ ನೋಡಿ...

ಯಾಕೆ ಪೆನ್ನು ಕೆಳಗಿಟ್ಟೆ?

ನೀನೇ ಹೇಳಿದ್ದಲ್ವಾ, ಅಂಚು ಹರಿದಿತ್ತು ಅಂತ. ಹೇಳಲಿಲ್ವಾ? ಮತ್ತೆ ಚೀಟಿಯಲ್ಲಿ... ಚೀಟಿಯಲ್ಲಿ ಅದೇನೂ ಬರೆದಿರಲಿಲ್ಲ, ಹೌದು...

ಬಾಗಿಲು ಹಾಕು. ಆ ಹೆಂಗಸಿಗೆ ಕೇಳಿಸುತ್ತೆ.

ಬಾಗಿಲು ಹಾಕು ಅಂದೆ... ಆ ಪತ್ರ ಯಾಕೆ ಮಡಚಿಟ್ಕೋತಿದೀಯಮ್ಮ?