ಸೊಸೆಯ ತಲೆಗೆ ಹೋದ ಹೆಪ್ಪು

ಕಟಪಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರಿದ್ದರು. ಮಾತಿನಿಂದ ತಿಳಿದಂತೆ ನೆರೆಮನೆಯವರು. ಹಿರಿಯರು ಕುಶಲಾ, ಕಿರಿಯರು ಆನ್ಸಿಲ್ಲಾ. ಮಾತು ಶುರುಮಾಡಿದ್ದು ಆನ್ಸಿಲ್ಲಾ.

"ಕುಶಲಕ್ಕಾ, ನಿಮ್ಮ ಚೀಲದಲ್ಲಿ ಪ್ಯಾಕೆಟ್ ಮೊಸರಾ?"

"ಮೆಲ್ಲ ಹೇಳು ಮಾರಾಯ್ತಿ. ಹೆಪ್ಪಿಗೆಂದು ತೆಗೆದಿಟ್ಟ ಮೊಸರನ್ನು ಸೊಸೆ ತಲೆಗೆ ಹಚ್ಚಿಕೊಂಡಿದ್ದಾಳೆ."

"ತಲೆಗೆ ಎಂತಕ್ಕೆ?"

"ಹೊಟ್ಟು ಉಂಟಂತೆ. ನನ್ನ ಅತ್ತೆಯ ಕಾಲದಿಂದ ಬಂದ ಹೆಪ್ಪು ಬಚ್ಚಲಿಗೆ ಹೋಯಿತು."

"ಹೊಟ್ಟು ಹೋಯಿತಾ?"

"ಅದು ಹಾಗೆಯೇ ಉಂಟು. ನಾಳೆ ಇವರು ಮಸ್ಕತ್‌ನಿಂದ ಬರುತ್ತಾರೆ. ಫೋನಿನಲ್ಲಿ ನನ್ನನ್ನು ವಿಚಾರಿಸಿದ್ದಕ್ಕಿಂತ ಮನೆಯ ಮೊಸರನ್ನು ವಿಚಾರಿಸಿದ್ದೇ ಹೆಚ್ಚು. ಪ್ಯಾಕೆಟಿನದ್ದರಲ್ಲಿ ಹೆಪ್ಪು ಹಾಕಿದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ."

"ನಾನು ಮದುವೆಯಾಗಿ ಬಂದಾಗ ನೀವೇ ಹೆಪ್ಪು ಕೊಟ್ಟಿದ್ದಿರಲ್ಲ. ಅದನ್ನು ಒಂದು ದಿನವೂ ತಪ್ಪಿಸಿಲ್ಲ. ಬಂದು ತೆಗೆದುಕೊಂಡು ಹೋಗಿ."

"ನಿಮ್ಮ ಮನೆಯದ್ದು ಸ್ವಲ್ಪ ಹುಳಿ ಅಲ್ವಾ?"

"ಹಾಗಾದರೆ ಬೇಡ ಬಿಡಿ."

"ಬೇಡ ಅಂತ ನಾನೆಲ್ಲಿ ಹೇಳಿದೆ?"

"ಕೊಡುತ್ತೇನೆ. ಆದರೆ ನಾಳೆ ವಿಠಲಣ್ಣ ಬಂದು ಊಟ ಮಾಡುವಾಗ, ಇದು ಆನ್ಸಿಲ್ಲಾ ಕೊಟ್ಟ ಹೆಪ್ಪಿನ ಮೊಸರು ಅಂತ ನೀವು ಹೇಳಬೇಕು."

ಕುಶಲಾ ಪ್ಯಾಕೆಟನ್ನು ಚೀಲದ ತಳಕ್ಕೆ ತಳ್ಳಿದರು.

"ಅವರು ಬೈದರೆ ಹೇಳುತ್ತೇನೆ."

ಆನ್ಸಿಲ್ಲಾ ಎದ್ದು ಒಂದು ಆಟೋಗೆ ಕೈ ತೋರಿಸಿದರು. ಮೊದಲು ಹತ್ತಿ ಕುಳಿತವರು ಕುಶಲಾ.