ಮೊದಲು ನಗುವವರು

ಕದ್ದು ಕೇಳಿದೆ ಅನ್ನಬೇಡಿ. ಮಧ್ಯಾಹ್ನದ ಆಟದ ಟಿಕೆಟ್ ಸಾಲಿನಲ್ಲಿ ಅತ್ತೆ ಸೊಸೆ ನನ್ನ ಮುಂದೆಯೇ ನಿಂತಿದ್ದರು. ಸೊಸೆ ಸಣ್ಣ ದನಿಯಲ್ಲಿ ಶುರು ಮಾಡಿದಳು.

“ಮಾವ ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ನೋಡಲೇಬೇಕು ಅಂದ್ರೆ ಈ ನಗೋ ಪಿಕ್ಚರ್ ಬಿಟ್ಟು ಪಕ್ಕದ ಆ ಅಳೋ ಪಿಕ್ಚರಿಗಾದ್ರೂ ಹೋಗೋಣ ಅತ್ತೆ.”

“ಅಳೋದಕ್ಕೆ ಮನೇಲೇ ಬೇಕಾದಷ್ಟು ಅನುಕೂಲ ಇದೆ. ಕಣ್ಣೊರೆಸಿಕೊಂಡ್ರೆ ಮೂರು ಜನ ನೀರು ತರ್ತೀರಿ. ಮೊನ್ನೆ ಒಂದೇ ಒಂದ್ಸಲ ನಕ್ಕೆ, ಎಲ್ಲರೂ ಮುಖ ಮುಖ ನೋಡ್ಕೊಂಡ್ರಿ.”

“ಇಲ್ಲಿ ಗುರುತಿನವರು ಯಾರಾದ್ರೂ ಇದ್ರೆ?”

“ಕತ್ತಲಲ್ಲಿ ನಕ್ಕಿದ್ದು ಯಾರು ಅಂತ ಯಾರಿಗೆ ಗೊತ್ತಾಗತ್ತೆ?”

“ನಿಮ್ಮ ನಗು ಗೊತ್ತಾಗದೆ ಇರತ್ತಾ? ಬೀದಿ ಕೊನೇವರೆಗೂ ಕೇಳತ್ತೆ.”

“ನಿಮ್ಮ ಮಾವ ಅದಕ್ಕೇ ನನ್ನ ಕರ್ಕೊಂಡು ಬರ್ತಿದ್ದಿದ್ದು. ‘ನೀನು ಶುರು ಮಾಡು, ಉಳಿದವರು ಹಿಂದೇನೇ ಬರ್ತಾರೆ’ ಅಂತಿದ್ರು.”

ಸೊಸೆ ನಗೆಚಿತ್ರಕ್ಕೇ ಎರಡು ಟಿಕೆಟ್ ತೆಗೆದುಕೊಂಡಳು.

ಬಾಗಿಲಲ್ಲಿ ಟಿಕೆಟ್ ಹರಿಯುವ ಮುದುಕ ಅತ್ತೆಯ ಗುರುತು ಹಿಡಿದ. ಪರದೆ ಸರಿಸಿ ದಾರಿ ಬಿಟ್ಟ.

“ಬನ್ನಿ ಅಮ್ಮ. ಈ ಪಿಕ್ಚರ್ ಬಂದ ಎರಡು ವಾರದಿಂದ ಜನ ಸುಮ್ನೆ ಕೂತು ಎದ್ದು ಹೋಗ್ತಿದ್ದಾರೆ. ಶುರು ಮಾಡೋರೇ ಇರಲಿಲ್ಲ.”

ಇಬ್ಬರೂ ಒಳಗೆ ಹೋದರು.