ಕುಡಿಯದೆ ಇಟ್ಟ ಬಟ್ಟಲು

ನನ್ನ ಹೆಸರು ಖಲಫ್, ತಂದೆ ಮುತರ್ ಧಿಯಾಬ್, ವಯಸ್ಸು 61 ವರ್ಷ, ಉದ್ಯೋಗ ಶೇಖ್ ನಾಯಿಫ್ ಅವರ ಅತಿಥಿ ಹಜಾರದಲ್ಲಿ ಕಾಫಿ ಬಡಿಸುವುದು, ವಾಸ ತಲ್ ಗಜಾಲ್ ಗ್ರಾಮ, ಯೂಫ್ರೆಟಿಸ್ ನದಿಯ ಬಲದಂಡೆ. ದಿನಾಂಕ 16-05-2004ರಂದು ಬೆಳಿಗ್ಗೆ 9.30ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ಕಾಲುವೆ ಸೇತುವೆಯ ಬಾಂಬಿಗೆ ಒಪ್ಪಿಗೆ ಕೊಟ್ಟರೆಂದು ಶೇಖ್ ನಾಯಿಫ್ ಅವರನ್ನು ಪರದೇಶದ ಸೈನಿಕರು 13ರಂದು ಹಿಡಿದುಕೊಂಡು ಹೋಗಿದ್ದಾರೆ. ಶೇಖ್ ಒಪ್ಪಿಗೆ ಕೊಟ್ಟಿಲ್ಲ. ತಪ್ಪು ನನ್ನದು. ನೀವು ಆ ಸೈನಿಕರ ಸಂಬಳ ತಿನ್ನುವವರೆಂದು ಊರಿನಲ್ಲಿ ಆಡಿಕೊಳ್ಳುತ್ತಾರೆ, ನಿಮ್ಮ ಹತ್ತಿರ ಬರಬೇಡ ಎಂದೂ ಹೇಳಿದರು. ಅದು ನನಗೆ ಬೇಕಿಲ್ಲ. ನಿಮ್ಮ ಕೈಯಲ್ಲಿ ಪೆನ್ನಿದೆ, ಬರೆದುಕೊಳ್ಳಿ.

11-05-2004, ಮಂಗಳವಾರ, ಹಾಜಿ ಮುಖ್ಲಿಫ್ ಅವರ ಸಾವಿನ ಮೂರನೆಯ ದಿನ. ಹಾಜಿಯವರು 74 ವರ್ಷದ ಮುದುಕರು. ತಪಾಸಣೆ ಮಾಡುವ ಕಡೆ ಪರದೇಶದ ಸೈನಿಕನೊಬ್ಬ ಮುಷ್ಟಿ ಎತ್ತಿ ತೋರಿಸಿದ. ಅವರಲ್ಲಿ ಅದಕ್ಕೆ ನಿಲ್ಲು ಎಂದು ಅರ್ಥವಂತೆ. ಹಾಜಿಯವರು ತಾವೂ ಕೈ ಎತ್ತಿ ಸಲಾಂ ಮಾಡಿ ಗಾಡಿಯನ್ನು ಮುಂದಕ್ಕೆ ಬಿಟ್ಟರು. ಏಳು ಗುಂಡು ಬಿತ್ತು. ಮೂರು ದಿನವೂ ಊರಿನ ಗಂಡಸರೆಲ್ಲ ಸಾಂತ್ವನ ಹೇಳಲು ಹಜಾರದಲ್ಲಿ ಕೂತಿದ್ದರು.

ಮಧ್ಯಾಹ್ನ 3.30ರ ಸುಮಾರಿಗೆ ಮಾತಿಗೆ ಮಾತು ಬೆಳೆಯಿತು. ಹಿಂದೆ ಸೈನ್ಯದಲ್ಲಿದ್ದ ಹವಾಲ್ದಾರ್ ಶಲ್ಲಾಲ್, "ಇನ್ನೇನ್ ಮಾಡ್ಬೇಕು ಮೇಷ್ಟ್ರೇ? ಗುಂಡು ಹೊಡ್ದೋರಿಗೆ ಪನ್ನೀರು ಚಿಮುಕಿಸ್ಬೇಕಾ? ಮನೆಗೆ ನುಗ್ಗಿದೋನನ್ನ ಹೊಡೆಯೋದು ಹಕ್ಕು" ಅಂದರು. ನಿವೃತ್ತ ಶಾಲಾ ಮೇಷ್ಟ್ರು ಬುರ್ಹಾನ್ ಅವರು, "ಹೊಡೆಯೋನು ಹೊಡೆದು ಓಡಿಹೋಗ್ತಾನೆ, ಬಾಗಿಲು ಒಡೆಸ್ಕೊಳ್ಳೋರು ನಾವು. ಬಾಂಬಿಗೇನು ಕಣ್ಣಿದೆಯೇನಪ್ಪಾ? ಬೂಟು ಹಾಕಿದೋನ್ಯಾರು, ಚಪ್ಪಲಿ ಹಾಕಿದೋನ್ಯಾರು ಅಂತ ನೋಡುತ್ತಾ?" ಅಂದರು. ಅದಕ್ಕೆ ಶಲ್ಲಾಲ್, "ನಿಮ್ ಪಾಠ ಕೇಳ್ತಾ ಕೂತಿದ್ದಕ್ಕೇ ಅವರು ಬಗ್ದಾದ್ ತನಕ ಬಂದಿದ್ದು" ಅಂದಾಗ ಕೆಲವರು ನಕ್ಕುಬಿಟ್ಟರು. ಸಾವಿನ ಮನೆ ಎಂದು ನೆನಪಾಗಿ ಆಮೇಲೆ ತಲೆ ತಗ್ಗಿಸಿದರು.

4.10ಕ್ಕೆ ಅಪರಿಚಿತನೊಬ್ಬ ಬಂದು ಬಾಗಿಲಿನಿಂದ ನಾಲ್ಕನೆಯ ಜಾಗದಲ್ಲಿ ಕುಳಿತ. ಯಾವ ಕಾರಿನ ಸದ್ದೂ ಆಗಿರಲಿಲ್ಲ, ಹೊರಗಿನ ನಾಯಿಗಳೂ ಬೊಗಳಲಿಲ್ಲ. ಬಡಿಸುವವನು ಅತಿಥಿಯ ಮುಖ ನೋಡಬಾರದು, ಕೈ ನೋಡಬೇಕು. ಮೂವತ್ತೊಂದು ವರ್ಷದಿಂದ ನಾನು ಕೈಗಳನ್ನೇ ನೋಡಿದವನು. ಈ ಕೈ ತೆಳ್ಳಗಿತ್ತು, ಶುದ್ಧವಾಗಿತ್ತು, ಹೆಬ್ಬೆರಳಿಗೆ ಉಗುರಿರಲಿಲ್ಲ. ಬಟ್ಟಲು ತೆಗೆದುಕೊಂಡ, ಕುಡಿಯದೆ ನೆಲದ ಮೇಲಿಟ್ಟ.

ಕುಡಿಯದೆ ಇಟ್ಟರೆ ಬೇಡಿಕೆ ಇದೆ ಎಂದು ಅರ್ಥ. ಅದನ್ನು ನಡೆಸಿಕೊಡುವ ತನಕ ಅತಿಥಿ ಆ ಕಾಫಿ ಕುಡಿಯುವ ಹಾಗಿಲ್ಲ. ಊರಿನವರೊಬ್ಬರು ಅದನ್ನು ಕುಡಿದರೆ ಬೇಡಿಕೆಗೆ ಒಪ್ಪಿದ ಹಾಗೆ. ಶೇಖ್ ಏನು ಬೇಕೆಂದು ಕೇಳಿದರು. ನಾಳೆ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಸೇತುವೆ ಕಡೆ ನಿಮ್ಮ ಊರಿನ ಕಣ್ಣು ಮುಚ್ಚಿರಲಿ, ಅಷ್ಟೇ ಸಾಕು ಎಂದು ಅವನು ಮೆಲ್ಲಗೆ ಹೇಳಿದ. ಹಾಜಿ ಮುಖ್ಲಿಫ್ ಅವರ ಹೆಸರನ್ನೂ ಎತ್ತಿದ. ಶೇಖ್, ಬಟ್ಟಲು ಅಲ್ಲೇ ಇರಲಿ, ಬೆಳಿಗ್ಗೆ ಉತ್ತರ ಕೊಡುತ್ತೇನೆ, ಯಾರೂ ಮುಟ್ಟಕೂಡದು ಅಂದರು. ಅವನು ಎದ್ದು ಹೋದ. ನಾನು ಬಾಗಿಲಿಗೆ ಹೋಗಿ ನೋಡಿದಾಗ ಎರಡು ಕಡೆಯೂ ರಸ್ತೆ ಖಾಲಿ ಇತ್ತು.

ನನ್ನ ಒಬ್ಬಳೇ ಮಗಳು ವಸ್ಮಿಯಾ, 27 ವರ್ಷ, ಸೇತುವೆಯ ಆಚೆ 140 ಹೆಜ್ಜೆ ದೂರದ ಮನೆಯಲ್ಲಿ ಇದ್ದಳು. ನನ್ನ ಹೆಂಡತಿ ಸತ್ತ ಮೇಲೆ ದಿನಾ ಮಧ್ಯಾಹ್ನ 12.30ಕ್ಕೆ ನನಗೆ ಬಿಸಿ ರೊಟ್ಟಿ ತರುತ್ತಿದ್ದಳು. ಆ ಸಂಜೆ ಅವಳಿಗೆ ನಾಳೆ ಬರಬೇಡ ಎಂದು ಹೇಳಿ ಕಳಿಸೋಣ ಎಂದು ಎದ್ದೆ, ಮತ್ತೆ ಕೂತೆ. ಒಂದು ದಿನ ಬರದಿದ್ದರೆ ಆಯಿತೆ? ಬಾಂಬ್ ಸಿಡಿದರೆ ಸೈನಿಕರು ಮೊದಲು ಒದೆಯುವುದು ಅವಳ ಮನೆಯ ಬಾಗಿಲನ್ನೇ. ನಾನು ಹಾಜಿಯವರಿಗಾಗಿ ಅತ್ತವನೇ ಸಾಹೇಬರೇ. ಆದರೂ ಆ ಬಟ್ಟಲನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

12ರಂದು ಬೆಳಿಗ್ಗೆ 5.40ಕ್ಕೆ ಒಲೆ ಹಚ್ಚಲು ಹಜಾರಕ್ಕೆ ಹೋದೆ. ಬಟ್ಟಲು ಅಲ್ಲೇ ಇತ್ತು, ಕಾಫಿಯ ಮೇಲೆ ಕೆನೆಗಟ್ಟಿದ ಹಾಗೆ ಏನೋ ಕೂತಿತ್ತು. ಬೇಡಿಕೆ ಆಗುವುದಿಲ್ಲ ಎನ್ನಬೇಕಾದರೆ ಕಾಫಿಯನ್ನು ಮಣ್ಣಿಗೆ ಚೆಲ್ಲುವುದು ನಮ್ಮ ಪದ್ಧತಿ. ಅದು ಶೇಖ್ ಮಾಡಬೇಕಾದ ಕೆಲಸ. ನಾನು ಮಾಡಿದೆ. ಹೊಸ್ತಿಲಿನ ಎಡಗಡೆ ಚೆಲ್ಲಿದೆ. ಕಾಫಿ ಇಂಗಿಹೋಯಿತು, ಕಲೆ ಕೂಡ ನಿಲ್ಲಲಿಲ್ಲ. ಹೇಗೂ ಚೆಲ್ಲಿಯಾಯಿತಲ್ಲ ಎಂದು ಎದೆ ಹಗುರವಾಯಿತು. ಮಗಳಿಗೆ ಹೇಳಿ ಕಳಿಸುವ ಅಗತ್ಯ ಇನ್ನಿಲ್ಲ ಅಂದುಕೊಂಡೆ.

ಚೆಲ್ಲಿದ ಮೇಲೆ ಬಟ್ಟಲನ್ನು ಒಡೆಯಬೇಕು, ನಾಲ್ಕು ಜನ ಸದ್ದು ಕೇಳಬೇಕು. ಅದು ನನ್ನ ಅಪ್ಪ ಬಸ್ರಾದಿಂದ ತಂದ ಆರು ಬಟ್ಟಲುಗಳಲ್ಲಿ ಒಂದು. ಒಡೆಯಲು ಮನಸ್ಸು ಬರಲಿಲ್ಲ. ಇದ್ದಲ್ಲೇ ಇಟ್ಟೆ.

7.10ಕ್ಕೆ ಶೇಖ್ ಬಂದರು. ಖಾಲಿ ಬಟ್ಟಲು ನೋಡಿದರು. ನಾನು ಚೆಲ್ಲಿದೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಶಲ್ಲಾಲ್ ಬಂದು ಬಟ್ಟಲು ನೋಡಿದರು, ಶೇಖ್ ಮುಖ ನೋಡಿದರು. ಆಮೇಲೆ ಬಂದವರೂ ನೋಡಿದರು. ಊರಿನ ಪರವಾಗಿ ಶೇಖ್ ಕುಡಿದರು ಎಂದು ಶಲ್ಲಾಲ್ ತಿಳಿದರು. ಶಲ್ಲಾಲ್ ಕುಡಿದು ಮುಗಿಸಿದ್ದಾರೆ ಎಂದು ಶೇಖ್ ತಿಳಿದರು. ಖಾಲಿ ಬಟ್ಟಲು ಅಂದರೆ ಕುಡಿದ ಬಟ್ಟಲು. ಯಾರು ಕುಡಿದರು ಎಂದು ಕೇಳುವುದು ಮರ್ಯಾದೆಯಲ್ಲ. ಒಬ್ಬರೂ ಕೇಳಲಿಲ್ಲ. ಎಲ್ಲರೂ ಬೇಗ ಬೇಗ ಎದ್ದು ಮನೆಗೆ ಹೋದರು.

ಮಧ್ಯಾಹ್ನ 12.05ಕ್ಕೆ ನಾನು ಹಿತ್ತಾಳೆ ಕುಟ್ಟಾಣಿಯಲ್ಲಿ ಕಾಫಿ ಕುಟ್ಟುತ್ತಿದ್ದೆ. ಆ ಸದ್ದು ಕೇಳಿದರೆ ಜನ ಬರಬೇಕು, ಅದೇ ಕರೆ. ಒಬ್ಬರೂ ಬರಲಿಲ್ಲ. 12.20ಕ್ಕೆ ಕೈ ನಿಲ್ಲಿಸಿದೆ. ಆಗ ಗೊತ್ತಾಯಿತು, ಊರಿನಲ್ಲಿ ಕುಟ್ಟಾಣಿ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಹೊರಗೆ ಬಂದು ನೋಡಿದೆ. ಎಲ್ಲ ಕಿಟಕಿಗಳೂ ಮುಚ್ಚಿದ್ದವು. ಒಣಹಾಕಿದ್ದ ಬಟ್ಟೆ ಒಳಗೆ ಹೋಗಿತ್ತು. ಕೋಳಿಗಳೂ ಇರಲಿಲ್ಲ. ನೀರಿನ ಪಂಪು ನಿಂತಿತ್ತು. ಒಂದು ಮನೆಯ ಮುಂದೆ ಮಗುವಿನ ಒಂದು ಚಪ್ಪಲಿ ಬಿದ್ದಿತ್ತು, ನೋಡುತ್ತಿದ್ದಂತೆ ಬಾಗಿಲ ಸಂದಿಯಿಂದ ಒಂದು ಕೈ ಬಂದು ಅದನ್ನೂ ಎಳೆದುಕೊಂಡಿತು. ಊರು ಕಣ್ಣು ಮುಚ್ಚಿದೆ, ಇದು ಮಗಳು ರೊಟ್ಟಿ ತರುವ ಹೊತ್ತು.

ಹಜಾರದಿಂದ ಸೇತುವೆಗೆ 600 ಮೀಟರ್. ಓಡಿದೆ. ಸುಮಾರು 200 ಮೀಟರ್ ಉಳಿದಿದ್ದಾಗ ವಸ್ಮಿಯಾ ಸೇತುವೆಯ ಮೇಲೆ ಕಂಡಳು, ತಲೆಯ ಮೇಲೆ ಬಟ್ಟೆ ಮುಚ್ಚಿದ ತಟ್ಟೆ. ಅವಳ ಹಿಂದೆ ಸೈನಿಕರ ಮೂರು ವಾಹನ ಬರುತ್ತಿದ್ದವು. ಉಸಿರಿಲ್ಲದೆ ಕೂಗು ಹೊರಡಲಿಲ್ಲ. ನಿಲ್ಲು ಎಂದು ಕೈ ಎತ್ತಿದೆ. ಅವಳೂ ಕೈ ಎತ್ತಿದಳು. "ಬಂದೆ ಬಾಬಾ, ಹಸಿವಾಯ್ತಾ? ಯಾಕಪ್ಪಾ ಹೀಗೆ ಓಡ್ತೀಯಾ?" ಎಂದು ಅಲ್ಲಿಂದಲೇ ಕೂಗಿ, ನಗುತ್ತಾ ಬೇಗ ಬೇಗ ಹೆಜ್ಜೆ ಹಾಕಿದಳು. ಸಮಯ 12.31.

ಬಾಂಬ್ ಸಿಡಿಯಿತು. ಕೂಡಲೇ ಸೈನಿಕರು ನಾಲ್ಕೂ ದಿಕ್ಕಿಗೆ ಗುಂಡು ಹಾರಿಸಿದರು. ಅವರಲ್ಲಿ ಇಬ್ಬರು ಸತ್ತರು ಎನ್ನುತ್ತಾರೆ. ನನ್ನ ಮಗಳು ಸತ್ತಳು. ಅಂದೇ ಸೂರ್ಯ ಮುಳುಗುವ ಮೊದಲು ಮಣ್ಣು ಮಾಡಿದೆವು.

ಗುಂಡಿನಿಂದ ಸತ್ತಳು ಎಂದು ಬರೆಸಿ ಅಂತ ಶಲ್ಲಾಲ್ ಬಂದು ಹೇಳಿದರು. ಬಾಂಬಿನಿಂದ ಎಂದು ಬರೆಸು ಅಂತ ಮೇಷ್ಟ್ರು ಹೇಳಿದರು. ಕಾಫಿ ಚೆಲ್ಲಿದ್ದು ನಾನೆಂದು ಹೇಳಿಕೊಂಡಾಗ, ನೀನು ಚೆಲ್ಲದಿದ್ದರೂ ಅವನು ಬಾಂಬ್ ಇಡುತ್ತಿದ್ದ ಖಲಫ್, ಅಂಥವರಿಗೆ ಯಾರ ಒಪ್ಪಿಗೆಯೂ ಬೇಕಿಲ್ಲ ಎಂದೂ ಮೇಷ್ಟ್ರು ಸಮಾಧಾನ ಹೇಳಿದರು. ಶವಕ್ಕೆ ಸ್ನಾನ ಮಾಡಿಸಿದ ಹೆಂಗಸಿಗೆ ನಿಜ ಗೊತ್ತು. ನಾನು ಕೇಳಲಿಲ್ಲ. ಆ ಕಾಲಂ ಖಾಲಿ ಬಿಡಿ.

15ರಂದು, ಶನಿವಾರ, ನನ್ನ ಮಗಳ ಮೂರನೆಯ ದಿನ. ಬೇರೆಯವರು ಬಡಿಸಲಿ ಅಂದರು, ನಾನು ಒಪ್ಪಲಿಲ್ಲ. ಸಂಜೆ 4.10ಕ್ಕೆ ಸಾಲಿನಲ್ಲಿ ಬಾಗಿಲಿನಿಂದ ನಾಲ್ಕನೆಯ ಕೈ ಮುಂದೆ ಬಂತು. ಹೆಬ್ಬೆರಳಿಗೆ ಉಗುರಿರಲಿಲ್ಲ. ನಾನು ಬಡಿಸಿದೆ. ಕುಡಿದ. ಮತ್ತೆ ಬಡಿಸಿದೆ, ಕುಡಿದ. ಮೂರನೆಯದನ್ನೂ ಕುಡಿದು, ಸಾಕು ಎಂದು ಬಟ್ಟಲು ಅಲ್ಲಾಡಿಸಿದ. "ದೇವರು ನಿಮಗೆ ತಾಳ್ಮೆ ಕೊಡಲಿ. ಆವತ್ತು ನಿಮ್ ಕಾಫಿ ಕುಡಿಯೋಕಾಗ್ಲಿಲ್ಲ. ನನ್ ಬಟ್ಟಲು ಕುಡಿದೋರು ಯಾರು, ಅವರಿಗೊಂದು ಸಲಾಂ ಹೇಳ್ಬೇಕಿತ್ತು" ಅಂದ. ನೆಲ ಕುಡಿಯಿತು ಅಂದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ಅತಿಥಿಯ ಮುಖ ನೋಡಿದೆ. ಅವನ ಕಣ್ಣು ಒದ್ದೆಯಾಗಿತ್ತು.

ಮುಖದ ಗುರುತು ಹೇಳಿ ಎಂದು ನೀವು ಮೂರು ಸಲ ಕೇಳಿದ್ದೀರಿ. ನಮ್ಮ ಕಾಫಿ ಕುಡಿದವನಿಗೆ ಮೂರು ದಿನ ನಮ್ಮದೇ ರಕ್ಷಣೆ, ಅಷ್ಟರ ತನಕ ಅವನ ಬಗ್ಗೆ ಬಾಯಿ ಬಿಡಲಾರೆ. ಆ ಅವಧಿ 18ರ ಮಂಗಳವಾರ ಸಂಜೆ 4.10ಕ್ಕೆ ಮುಗಿಯುತ್ತದೆ. 4.11ಕ್ಕೆ ನಾನು ಈ ಠಾಣೆಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಅಷ್ಟರೊಳಗೆ ಶೇಖ್ ಅವರನ್ನು ಬಿಡಿಸಿ, ಬಟ್ಟಲು ಖಾಲಿ ಮಾಡಿದವನು ನಾನು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದ ಹಾಗೆಯೇ ಇದೆ, ಸುಳ್ಳಿಲ್ಲ. ಬಟ್ಟಲನ್ನು ಒಡೆದು ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿ ಇದರ ಜೊತೆ ಒಪ್ಪಿಸಿದ್ದೇನೆ.

ಸ್ಥಳ: ತಲ್ ಗಜಾಲ್ ಹೊರಠಾಣೆ
ದಿನಾಂಕ: 16-05-2004, ಬೆಳಿಗ್ಗೆ 11.15
ಖಲಫ್ ಮುತರ್ ಧಿಯಾಬ್ (ಎಡಗೈ ಹೆಬ್ಬೆಟ್ಟಿನ ಗುರುತು)